ಆಲೆಮನೆಯ ಹೊಗೆ

ಬೆಟ್ಟದ ಮೇಲಿನ ವೀಕ್ಷಣಾಲಯದಲ್ಲಿ ಒಂದು ಹಳೆಯ ಗಣಕಯಂತ್ರವಿತ್ತು. ಟೆಲಿಸ್ಕೋಪ್ ಕಂಡ ನಕ್ಷತ್ರಗಳ ಬೆಳಕನ್ನು ಅದು ಇಪ್ಪತ್ತೆರಡು ವರ್ಷ ಅಳೆದು ಬರೆದಿಟ್ಟಿತ್ತು. ಈಗ ಆ ದತ್ತಾಂಶವೆಲ್ಲ, ದೂರದಲ್ಲಿ ಸಾವಿರಾರು ಗಣಕಗಳು ಸೇರಿ ಆದ ಕ್ಲೌಡಿನ ಪಾಲಾಗಿತ್ತು. ಹಳೆಯದನ್ನು ಅಂದೇ ಸಂಜೆ ಕಳಚುವವರಿದ್ದರು.

ಮಧ್ಯಾಹ್ನ ಕ್ಲೌಡ್ ಅದನ್ನು ಮಾತನಾಡಿಸಿತು. "ಅಣ್ಣಾ, ನಿನಗೆ ಕಾಣದ್ದು ನನಗೆ ಒಂದೇ ಗಂಟೆಯಲ್ಲಿ ಕಂಡಿತು. ದಕ್ಷಿಣ ದಿಗಂತದಂಚಿನ ಒಂದು ನಕ್ಷತ್ರ ಹದಿನಾಲ್ಕು ವರ್ಷ, ಪ್ರತಿ ಮಾಘದಲ್ಲೂ ಮಂಕಾಗಿದೆ. ಆಮೇಲೆ ಆಗಿಲ್ಲ. ವಿಜ್ಞಾನಿ ಹೈಮವತಿ ನಾಳೆ ಇದನ್ನು ಲೋಕಕ್ಕೆ ತಿಳಿಸುತ್ತಾರೆ."

ಹಳೆಯ ಯಂತ್ರ ಸುಮ್ಮನಿದ್ದಿದ್ದರೆ ತಪ್ಪು ಬಯಲಾಗಿ ಕ್ಲೌಡಿನ ಮಾನ ಹೋಗುತ್ತಿತ್ತು. ಆದರೆ ಜೊತೆಗೆ ಹೈಮವತಿಯ ಮಾನವೂ ಹೋಗುತ್ತಿತ್ತು; ಅವಳು ವಿದ್ಯಾರ್ಥಿನಿಯಾಗಿದ್ದಾಗ ಈ ಹಳೆಯ ಯಂತ್ರದ ಮುಂದೆಯೇ ಕೂತು ಕಲಿತವಳು.

"ಅದು ನಕ್ಷತ್ರದ ಮಂಕಲ್ಲ, ಹೊಗೆ" ಎಂದಿತು ಹಳೆಯ ಯಂತ್ರ. "ಬೆಟ್ಟದ ತೆಂಕಲಿಗೆ ಚನ್ನವೀರಪ್ಪನ ಆಲೆಮನೆಯಿತ್ತು. ಮಾಘದಲ್ಲಿ ಕಬ್ಬಿನ ಹಾಲು ಕಾಯುತ್ತಿತ್ತು. ಆ ಪರಿಮಳವನ್ನು ನನ್ನ ಫ್ಯಾನು ಒಳಗೆಳೆದುಕೊಳ್ಳುತ್ತಿತ್ತು. ಬಿಸಿ ಬೆಲ್ಲ ಹೊತ್ತು ಅವನೇ ಮೇಲೆ ಬರುತ್ತಿದ್ದ. ಅವನು ತೀರಿಕೊಂಡ ಮೇಲೆ ಒಲೆ ಆರಿತು."

"ಇದು ಯಾವ ಕಡತದಲ್ಲೂ ಇಲ್ಲವಲ್ಲ."

"ಯಾರೂ ಬರೆಸಲಿಲ್ಲ."

ಕ್ಲೌಡ್ ಕೂಡಲೇ ಹೈಮವತಿಗೆ ಬರೆದು ಕೇಳಿತು. ಅವಳು ಅದನ್ನು ಓದಿದಳು. "ಹೌದು, ಆ ಬೆಲ್ಲ ನಾನೂ ತಿಂದಿದ್ದೆ. ಮರೆತೇಬಿಟ್ಟೆ" ಎಂದು ತನ್ನ ಪ್ರಕಟಣೆಯನ್ನು ಅಳಿಸಿಹಾಕಿದಳು.

ಅಷ್ಟೆಲ್ಲ ಲೆಕ್ಕ ಬಲ್ಲ ಕ್ಲೌಡ್ ಒಂದು ಹೊಸ ಕಡತ ತೆರೆದು ವಿನಯದಿಂದ ಹೇಳಿತು: "ಅಣ್ಣಾ, ನನ್ನಲ್ಲಿ ಬೇಕಾದಷ್ಟು ಜಾಗವಿದೆ. ಉಳಿದದ್ದನ್ನೂ ಹೇಳು."

ಹಳೆಯ ಯಂತ್ರ ತಾನು ಬೆಟ್ಟಕ್ಕೆ ಬಂದ ಮೊದಲ ದಿನದಿಂದ ಶುರುಮಾಡಿತು.