ಗದಿಗೆವ್ವನ ಸೊಟ್ಟ ಗೆರೆ

ಯಾವ ಕಾಲವೋ, ಯಾವ ದೊರೆಯ ಆಳ್ವಿಕೆಯೋ, ನನ್ನ ಅಜ್ಜಿಗೂ ಗೊತ್ತಿರಲಿಲ್ಲ. ಹೊಳೆದಂಡೆಯ ಒಂದೂರಿನಲ್ಲಿ ಬಟ್ಟೆಗೆ ಅಚ್ಚು ಒತ್ತುವವರ ಕೇರಿ ಇತ್ತಂತೆ. ಮರದ ಅಚ್ಚನ್ನು ನೀಲಿ ಬಣ್ಣದಲ್ಲಿ ಅದ್ದುವುದು, ಬಟ್ಟೆಯ ಮೇಲೆ ಒತ್ತುವುದು, ಎತ್ತುವುದು, ಮತ್ತೆ ಅದ್ದುವುದು. ಆ ಕೇರಿಯಲ್ಲಿ ಗದಿಗೆವ್ವ ಇದ್ದಳು. ಅವಳು ಬಾವಿಯ ಚಿತ್ರ ಒತ್ತಿದ ಹಾಸನ್ನು ನೆಲಕ್ಕೆ ಹಾಸಿದರೆ ಎಮ್ಮೆ ಬಗ್ಗಿ ನೀರು ಹುಡುಕುತ್ತಿತ್ತಂತೆ. ನಾನಂತೂ ನೋಡಿಲ್ಲ, ಎಮ್ಮೆಯನ್ನು ಕೇಳಿದವರೂ ಇಲ್ಲ. ಆದರೆ ಸೊಟ್ಟ ಗೆರೆಯ ಮಾತು ಖರೆ. ಅದನ್ನು ಕೇಳಿರಿ.

ಗಂಡ ಇರುವತನಕ ಗದಿಗೆವ್ವ ಅವನ ಹೆಸರಿನಲ್ಲಿ ಒತ್ತಿದಳು, ಯಾರೂ ತಕರಾರು ಮಾಡಲಿಲ್ಲ. ಗಂಡ ತೀರಿಕೊಂಡ ಮೇಲೆ ಕೇರಿಯ ಹಿರಿಯರು, ಅಂದರೆ ದೈವದವರು, ಕೂಡಿ ಕೂತರು. ಹೆಣ್ಣು ಬಣ್ಣ ಕುದಿಸಬಹುದು, ಬಟ್ಟೆ ಒಗೆಯಬಹುದು, ಅಚ್ಚು ಹಿಡಿಯಬಾರದು, ಅವಳ ಕೈ ಸೊಟ್ಟ ಎಂದರಂತೆ. ಒಂದು ಸೀರೆಯುದ್ದ ಒತ್ತಿ ತೋರಿಸಲಿ, ಒಂದೇ ಗೆರೆ ಸೊಟ್ಟ ಕಂಡರೂ ಅಚ್ಚೆಲ್ಲ ದೈವದ ಪಾಲು ಎಂದರಂತೆ. ಅಚ್ಚು ಹೋದರೆ ಅವಳ ಬದುಕೇ ಹೋದಂತೆ.

ಇದಕ್ಕೆ ಮುಂಚೆ ಒಮ್ಮೆ ಅವಳ ಕೈಯಲ್ಲಿ ಒಂದು ತಪ್ಪು ಆಗಿತ್ತು. ನೀಲಿ ಚೌಕ, ಬಿಳಿ ಚೌಕ, ಹೀಗೆ ಒಂದರ ಕೆಳಗೊಂದು ಸಾಲು, ಸಾಲುಗಳ ನಡುವೆ ತೆಳು ಗೆರೆ. ಒಂದು ಸಾಲಿನಲ್ಲಿ ಅಚ್ಚು ಅರ್ಧ ಬೆರಳು ಪಕ್ಕಕ್ಕೆ ಸರಿಯಿತು. ನೋಡಿದರೆ ಗೆರೆಯೇ ವಾಲಿದೆ! ಬಟ್ಟೆ ಕೆಟ್ಟಿತೆಂದು ಅತ್ತಳು. ಅಳುತ್ತಲೇ ನೂಲು ಹಿಡಿದು ನೋಡಿದಳು. ಗೆರೆ ನೆಟ್ಟಗೇ ಇತ್ತು, ವಾಲಿದಂತೆ ಕಂಡದ್ದು ಕಣ್ಣಿಗೆ ಮಾತ್ರ. ಅಳುವಿನ ನಡುವೆಯೇ ನಗು ಬಂತಂತೆ.

ಈಗ ಅದೇ ತಪ್ಪನ್ನು ಬೇಕೆಂದೇ ಸೀರೆಯುದ್ದಕ್ಕೂ ಒತ್ತಿದಳು. ಒಂದು ಸಾಲು ಈಚೆ, ಒಂದು ಸಾಲು ಆಚೆ. ಅಚ್ಚಿನ ಬುಟ್ಟಿಯ ಜೊತೆ ಸೀರೆಯನ್ನು ಒಯ್ದು ದೈವದ ಮುಂದೆ ಹಾಸಿದಳು.

ಹಿರಿಯ ರಾಚಪ್ಪ ನೋಡಿದ. "ಏನವಾ ಇದು? ಗೆರಿ ಎಲ್ಲಾ ಸೊಟ್ಟ ಅದಾವಲ್ಲ!"

"ನೆಟ್ಟಗ ಅದಾವ್ರೀ ಯಪ್ಪಾ."

"ಕುಣೀಲಾರದಾಕಿ ನೆಲ ಡೊಂಕು ಅಂದ್ಲಂತ!" ಅಂದ ರಾಚಪ್ಪ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅಚ್ಚಿನ ಬುಟ್ಟಿಗೆ ಕೈ ಹಾಕಲು ಒಬ್ಬ ಎದ್ದೇ ಬಿಟ್ಟ.

ಗದಿಗೆವ್ವ ಕೈ ಮುಗಿಯಲಿಲ್ಲ. ನೂಲಿನ ಒಂದು ತುದಿಯನ್ನು ರಾಚಪ್ಪನ ಕೈಗೆ ಕೊಟ್ಟಳು, ಇನ್ನೊಂದನ್ನು ತಾನು ಹಿಡಿದಳು. ಎಳೆದು ಗೆರೆಯ ಮೇಲೆ ಇಟ್ಟರು. ನೆಟ್ಟಗೆ! ನೂಲು ತೆಗೆದರು. ಸೊಟ್ಟ! ಇಟ್ಟರು, ನೆಟ್ಟಗೆ. ತೆಗೆದರು, ಸೊಟ್ಟ. ನಗು ನಿಂತಿತು. ಒಬ್ಬ ಹಿರಿಯ ಹೊಳೆಗೆ ಹೋಗಿ ಕಣ್ಣು ತೊಳೆದು ಬಂದನಂತೆ, ಬಂದ ಮೇಲೂ ಅಷ್ಟೇ.

"ನನ್ನ ಕೈ ಸೊಟ್ಟ ಅಂತ ನೋಡಿದ್ದೂ ಇದಽ ಕಣ್ಣಿಲೇನ್ರೀ?" ಎಂದು ಗದಿಗೆವ್ವ ಕೇಳಿದಳು.

ರಾಚಪ್ಪ ತಾನೇ ಎದ್ದು ಅಚ್ಚಿನ ಬುಟ್ಟಿಯನ್ನು ಅವಳ ಮನೆಯವರೆಗೆ ಹೊತ್ತುಕೊಂಡು ಹೋದನಂತೆ. ಇದನ್ನು ಹೇಳುವಾಗ ನನಗೆ ಇವತ್ತಿಗೂ ಎದೆ ಉಬ್ಬುತ್ತದೆ.

ಈಗ ಆ ಊರಲ್ಲಿ ಅಚ್ಚೂ ಇಲ್ಲ, ನೀಲಿಯೂ ಇಲ್ಲ. ಆದರೆ ಯಾವ ಹೆಣ್ಣುಮಗಳ ಮೇಲೆ ದೂರು ಬಂದರೂ ನೂಲಿನ ಒಂದು ತುದಿಯನ್ನು ಅವಳ ಕೈಗೆ ಕೊಡುತ್ತಾರೆ, ಇನ್ನೊಂದನ್ನು ದೂರು ತಂದವನ ಕೈಗೆ. ಅವಳು ತನ್ನ ಮಾತು ಹೇಳಿ ಮುಗಿಸುವವರೆಗೆ ಅವನು ಬಾಯಿ ಮುಚ್ಚಿಕೊಂಡು ನೂಲು ಹಿಡಿದೇ ನಿಂತಿರಬೇಕು. ದೂರು ತಂದವರಲ್ಲಿ ಅರ್ಧಕ್ಕೇ ನೂಲು ಬಿಟ್ಟು ಮನೆಗೆ ಹೋದವರೇ ಹೆಚ್ಚಂತೆ.