ನಲವತ್ತು ನಿಮಿಷ ದೂರದ ಗುರು

ಹಿಮದ ಮರುಭೂಮಿಯಲ್ಲಿ ಚಂಗಪ್ಪ ಎಂಬ ಗುರುಗಳಿದ್ದರು. ಮಣ್ಣಿಲ್ಲದ ಕಡೆ ಸೊಪ್ಪು ಬೆಳೆಯುವುದನ್ನು ಕಲಿಸುತ್ತಿದ್ದರು. ಮುಂದೆ ಮಂಗಳ ಗ್ರಹಕ್ಕೆ ಹೋಗುವವರ ತಟ್ಟೆಯಲ್ಲಿ ಒಂದು ಹಿಡಿ ಹಸಿರು ಇರಲೇಬೇಕು ಎಂಬುದು ಅವರ ಹಟ.

ಕಲಿಯಲು ಬಂದವರು ಮುಚ್ಚಿದ ಗುಮ್ಮಟದೊಳಗೆ ತೊಂಬತ್ತು ದಿನ ಇದ್ದು ಬೆಳೆ ಉಳಿಸಿಕೊಳ್ಳಬೇಕು. ಬೆಳೆ ಹೋದರೂ, ನಡುವೆ ಬಾಗಿಲು ತೆರೆದರೂ ಪ್ರಯೋಗ ಮುಗಿದಂತೆ. ಈವರೆಗೆ ಮೂರು ತಂಡಗಳು ಒಳಗೆ ಹೋಗಿದ್ದವು. ಮೂರು ತಂಡಗಳೂ ನಡುವೆಯೇ ಬಾಗಿಲು ತೆರೆದು ಹೊರಬಂದಿದ್ದವು.

ನಾಲ್ಕನೆಯ ತಂಡದ ಫರ್ಜಾನಾ ಒಳಗೆ ಹೋಗುವ ಮುನ್ನ ಕೇಳಿದಳು, "ಅನುಮಾನ ಬಂದರೆ ನಿಮ್ಮನ್ನು ಕೇಳಬಹುದಾ ಸರ್?"

"ಕೇಳು. ನಿನ್ನ ಮಾತು ನನಗೆ ತಲುಪಲು ಇಪ್ಪತ್ತು ನಿಮಿಷ. ನನ್ನದು ನಿನಗೆ ತಲುಪಲು ಇನ್ನಿಪ್ಪತ್ತು. ಯಂತ್ರ ತಡೆದು ಕಳಿಸುತ್ತದೆ. ಮಂಗಳ ಅಷ್ಟು ದೂರ."

"ನಿಮ್ಮ ಕೋಣೆ ಇಲ್ಲೇ ಎದುರಿಗಿದೆಯಲ್ಲ ಸರ್."

"ಇವತ್ತಿನಿಂದ ಇಲ್ಲ."

ಒಳಗೆ ನಾಲ್ವರು. ಗಿಡಗಳ ಹೊಣೆ ಫರ್ಜಾನಾಳದು, ಯಂತ್ರಗಳದು ಬೈಲಹೊಂಗಲದ ದುಂಡಪ್ಪನದು. ಹನ್ನೆರಡು ತೊಟ್ಟಿಗಳಲ್ಲಿ ಮೆಂತ್ಯ, ಪಾಲಕ್, ಮೂಲಂಗಿ. ಬೇರುಗಳು ಗಾಳಿಯಲ್ಲಿ ತೂಗುತ್ತಿದ್ದವು. ಐದು ನಿಮಿಷಕ್ಕೊಮ್ಮೆ ಪಂಪು ಅವುಗಳ ಮೇಲೆ ಮಂಜಿನಂತೆ ನೀರು ಎರಚುತ್ತಿತ್ತು.

ಮೊದಮೊದಲು ಅವಳು ದಿನಕ್ಕೆ ಹತ್ತು ಪ್ರಶ್ನೆ ಕಳಿಸಿದಳು.

"ಪಾಲಕ್ ಎಲೆಯ ಅಂಚು ಹಳದಿಯಾಗಿದೆ ಸರ್. ಏನು ಮಾಡಲಿ?"

ನಲವತ್ತು ನಿಮಿಷ ಕಳೆದು ಪರದೆಯ ಮೇಲೆ ಉತ್ತರ ಬಂತು: "ನೀನೇನು ಅಂದುಕೊಂಡಿದ್ದೀಯ?"

ದುಂಡಪ್ಪ ನಕ್ಕ. "ಇಷ್ಟಕ್ಕ ಅಷ್ಟೊತ್ತು ಕಾದಿಯೇನು ತಂಗಿ? ಈ ಮಾತು ನಾನಾಗಿದ್ರ ಆಗಲೇ ನಿನ್ನ ಕೇಳ್ತಿದ್ದೆ."

ಎಪ್ಪತ್ತೊಂದನೆಯ ದಿನ ಬೆಳಿಗ್ಗೆ ಪಂಪು ನಿಂತಿತು.

ದುಂಡಪ್ಪ ಬಿಚ್ಚಿ ನೋಡಿದ. "ಒಳಗಿನ ರಬ್ಬರು ಹರದೈತಿ. ಬ್ಯಾರೇದು ಕತ್ತರಿಸಿ ಕೂಡಿಸಬೇಕು. ಮೂರು ತಾಸು ಬೇಕು."

"ಬೇರಿಗೆ ಅಷ್ಟು ಹೊತ್ತಿಲ್ಲ. ಒಂದು ಗಂಟೆ ತಡೆದರೆ ಹೆಚ್ಚು."

ಅವಳ ಬೆರಳು ತಾನಾಗಿಯೇ ಕೀಲಿಮಣೆಗೆ ಹೋಯಿತು. "ಪಂಪು ನಿಂತಿದೆ. ಬೇರು ಒಣಗುತ್ತಿದೆ. ಏನು ಮಾಡಲಿ?"

ಕಳಿಸಿದಳು. ಗಡಿಯಾರ ನೋಡಿದಳು. ಬೇರೊಂದನ್ನು ಮುಟ್ಟಿ ನೋಡಿದಳು. ಆಗಲೇ ಪಸೆ ಕಡಿಮೆಯಾಗಿತ್ತು.

"ತೊಟ್ಟಿ ತುಂಬಿಸಿಬಿಡೂಣೇನು?" ಎಂದ ದುಂಡಪ್ಪ.

"ಹನ್ನೆರಡಕ್ಕೂ ಸಾಲುವಷ್ಟು ನೀರಿಲ್ಲ. ತಳದಲ್ಲಿ ಒಂದು ಬೆರಳು ನಿಂತರೆ ಹೆಚ್ಚು."

ಅವಳ ಕಣ್ಣು ಹಾಸಿಗೆಗಳ ಕಡೆ ಹೋಯಿತು. ಆಮೇಲೆ ಕೇಳಿದಳು, "ದುಂಡಪ್ಪಣ್ಣ, ನಮ್ಮ ಹಾಸಿಗೆಯ ಚಾದರ ಹತ್ತಿಯದಾ?"

"ಹೂಂ. ಯಾಕ?"

ಕತ್ತರಿ ಆಗಲೇ ಅವಳ ಕೈಯಲ್ಲಿತ್ತು.

ಚಾದರಗಳನ್ನು ಪಟ್ಟಿಪಟ್ಟಿಯಾಗಿ ಸೀಳಿದರು. ನೆನೆಸಿ ಬೇರುಗಳ ನಡುವೆ ಇಳಿಬಿಟ್ಟರು. ತುದಿ ತೊಟ್ಟಿಯ ತಳಕ್ಕೆ ಸುರಿದ ನೀರಿನಲ್ಲಿ. ದೀಪದ ಬತ್ತಿ ಎಣ್ಣೆ ಹೀರುವಂತೆ ಬಟ್ಟೆ ನೀರು ಹೀರಿ ಮೇಲಕ್ಕೆ ಕೊಡಬೇಕು. ಉಳಿದಿಬ್ಬರೂ ಬಂದು ಕೈ ಹಾಕಿದರು.

ನಾಲ್ಕು ಚಾದರ ಹತ್ತು ತೊಟ್ಟಿಗೆ ಮುಗಿದವು. ಫರ್ಜಾನಾ ದುಂಡಪ್ಪನ ಪೆಟ್ಟಿಗೆಯ ಕಡೆ ನೋಡಿದಳು.

"ಅದರಾಗ ಒಂದ ಧೋತ್ರ ಐತಿ. ಹೊರಗ ಹೋಗೋ ದಿನ ಉಡಾಕ ಇಟ್ಟೇನಿ," ಎಂದ ದುಂಡಪ್ಪ. "ಅದನ್ನ ಮಾತ್ರ ಕೇಳಬ್ಯಾಡ."

"ಕೊಡಿ ಅಣ್ಣ."

"ಜರಿ ಅಂಚಿಂದು ತಂಗಿ."

"ಅಂಚು ನಿಮಗೇ ಬಿಡ್ತೀನಿ."

ಅವನು ಗೊಣಗುತ್ತ ಪೆಟ್ಟಿಗೆ ತೆರೆದ.

ಕೊನೆಯ ಪಟ್ಟಿ ಇಳಿಬಿಟ್ಟ ಮೇಲೆ ಅವಳು ಮೊದಲ ತೊಟ್ಟಿಗೆ ಮರಳಿದಳು. ಬೇರು ಮುಟ್ಟಿದಳು. ಒದ್ದೆ. ಎರಡನೆಯದು, ಒದ್ದೆ. ಹನ್ನೆರಡನ್ನೂ ಮುಟ್ಟಿ ನೋಡಿದಳು. ಬಟ್ಟೆ ಕೆಲಸ ಮಾಡುತ್ತಿತ್ತು. ಮೂರು ತಾಸಲ್ಲ, ಬೇಕಾದರೆ ಇಡೀ ದಿನ ತಡೆಯಬಹುದು.

ದುಂಡಪ್ಪ ಪಂಪಿನ ಮುಂದೆ ಕೂತು ರಬ್ಬರು ಕತ್ತರಿಸತೊಡಗಿದ. "ಈಗ ಅವಸರ ಇಲ್ಲ ಬಿಡು," ಎಂದ. ಅವನ ದನಿಯಲ್ಲಿ ಹಿಂದೆಂದೂ ಕೇಳದ ಮರ್ಯಾದೆಯಿತ್ತು.

ಗುರುವಿಗೆ ಪ್ರಶ್ನೆ ಕಳಿಸಿದ್ದನ್ನೇ ಅವಳು ಮರೆತಿದ್ದಳು. ಪರದೆ ಸದ್ದು ಮಾಡಿದಾಗಲೇ ನೆನಪಾದದ್ದು.

ಚಂಗಪ್ಪನವರು ಇಪ್ಪತ್ತು ನಿಮಿಷದ ಹಿಂದೆ ಬರೆದ ಉತ್ತರ ಅದು. ಆಗ ಅವರ ಮುಂದೆ ಇದ್ದದ್ದು ಪಂಪು ನಿಂತ ಸುದ್ದಿ ಮಾತ್ರ.

ಫರ್ಜಾನಾ ಒದ್ದೆ ಕೈ ಒರೆಸಿಕೊಂಡು, ನೆಟ್ಟಗೆ ನಿಂತು ಓದಿದಳು.

"ಏನು ಮಾಡಿದೆ, ಮೊದಲಿಂದ ಹೇಳು ಫರ್ಜಾನಾ. ಪುಸ್ತಕ ತೆರೆದು ಕೂತಿದ್ದೇನೆ, ಬರೆದುಕೊಳ್ಳಬೇಕು."