ಒರಳಜ್ಜಿಯ ಒಂದು ಗೇಣು

ಮಿಕ್ಸಿ ಬಂದ ಮೇಲೆ ಹಿತ್ತಿಲು ಸೇರಿದ್ದ ಒರಳಿಗೆ ಯಾರೋ ಮಣ್ಣು ತುಂಬಿ ಹೀರೆಬೀಜ ಊರಿದ್ದರು. ಬಳ್ಳಿ ಗೋಡೆಗೆ ಹಬ್ಬಿತು. ಆ ಗೋಡೆಯ ಹಲ್ಲಿಯೋ, ನಿಜವಾದ ಮಾತಿಗಲ್ಲದೆ ಲೊಚಗುಟ್ಟುತ್ತಿರಲಿಲ್ಲ.

"ನೋಡಕ್ಕಾ, ಈ ಎತ್ತರವೆಲ್ಲ ನನ್ನ ಸ್ವಂತ ದುಡಿಮೆ" ಎಂದು ಬಳ್ಳಿ ಬೀಗಿತು.

ಹಲ್ಲಿ ಲೊಚಗುಟ್ಟಲಿಲ್ಲ.

ಬಳ್ಳಿಯ ಮುಖ ಸಪ್ಪಗಾಯಿತು. "ನಾನೇನು ಸುಳ್ಳಾಡಿದೆನೆ?"

"ನೆಲದಿಂದ ನಿನ್ನ ತುದಿಯವರೆಗೆ ಅಳೆಯುತ್ತಲೇ ಬಂದಿದ್ದೇನೆ, ತಂಗಿ. ಮೊದಲ ವಾರಕ್ಕೆ ಮೂರು ಗೇಣು, ಎರಡನೆಯದಕ್ಕೆ ಐದು, ಮೂರನೆಯದಕ್ಕೆ ಏಳು. ಹಾಗಾದರೆ ಮೊಳೆಯುವ ಮೊದಲು ಎಷ್ಟಿದ್ದೆ?"

ವಾರಕ್ಕೆ ಎರಡರಂತೆ ಬಳ್ಳಿ ಹಿಂದಕ್ಕೆ ಎಣಿಸಿತು: ಏಳು, ಐದು, ಮೂರು... "ಒಂದು! ಆದರೆ ಆಗ ನಾನಿನ್ನೂ ಬೀಜ. ಬೀಜಕ್ಕೆಲ್ಲಿಯ ಎತ್ತರ, ಅಕ್ಕಾ?"

ಕೇಳುತ್ತಲೇ ಅದು ಮೊಟ್ಟಮೊದಲ ಸಲ ಕೆಳಗೆ ನೋಡಿತು. ತನ್ನನ್ನು ಮಡಿಲಲ್ಲಿಟ್ಟುಕೊಂಡು, ನೆಲದಿಂದ ಒಂದು ಗೇಣು ಮೇಲಕ್ಕೆತ್ತಿ, ಒರಳು ಸುಮ್ಮನೆ ಕೂತಿತ್ತು.

ಬಳ್ಳಿ ಒಂದು ಎಳೆಯ ಕುಡಿಯನ್ನು ಇಳಿಬಿಟ್ಟು ಒರಳನ್ನು ತಬ್ಬಿತು.

"ಎಷ್ಟೇ ವಾರ ಕಳೆಯಲಿ, ವಾರಕ್ಕೆ ಎರಡು ಗೇಣು ನನ್ನದು. ಅದರ ಜೊತೆಗೆ ಒಂದು ಗೇಣು, ಯಾವತ್ತಿಗೂ ಒರಳಜ್ಜಿಯದು."

ಹಲ್ಲಿ ಲೊಚಗುಟ್ಟಿತು.